20 ಸೆಕೆಂಡು, ಒಂದು ಪ್ರಶ್ನೆ: ಹೊರದೇಶದ ಕ್ರಿಕೆಟಿಗರು ಎದುರು ಸಿಕ್ಕಾಗ ಏನು ಮಾಡಬೇಕು

ಬೇಲಿಯ ಆಚೆ ಅವರು, ಈಚೆ ನೀವು. ಸಿಗುವುದು ಹೆಚ್ಚೆಂದರೆ 20 ಸೆಕೆಂಡು. ಅಷ್ಟರಲ್ಲಿ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ, ಫೋನ್ ಎತ್ತಿ ಹಿಡಿದು ‘ಸರ್, ಸೆಲ್ಫಿ ಸೆಲ್ಫಿ’ ಎಂದು ಕೂಗುವುದು. ಅವರು ಕೈ ಬೀಸಿ ಹೋಗುತ್ತಾರೆ. ಮುಗಿಯಿತು.

ನಾನೂ ಬಹಳ ವರ್ಷ ಹಾಗೇ ಮಾಡಿದವನು. ಬೆಂಗಳೂರಿನಲ್ಲಿ ಒಂದು ಹೋಟೆಲಿನ ಗೇಟಿನ ಮುಂದೆ ನಾಲ್ಕು ಗಂಟೆ ನಿಂತು ಒಬ್ಬ ಆಟಗಾರನ ಜೊತೆ ಫೋಟೋ ತೆಗೆಸಿಕೊಂಡಿದ್ದೆ. ಆ ಫೋನ್ ಹೋಯಿತು, ಅದರ ಜೊತೆ ಫೋಟೋವೂ ಹೋಯಿತು. ಆದರೆ ನನ್ನ ಅಕ್ಕನ ಮಗ 2023ರಲ್ಲಿ ತಿರುವನಂತಪುರದಲ್ಲಿ ಕೇಳಿದ ಒಂದು ಪ್ರಶ್ನೆಗೆ ಸಿಕ್ಕ ಉತ್ತರ ಇವತ್ತಿಗೂ ನಮ್ಮೂರ ಗದ್ದೆಯಲ್ಲಿ ಆಡುವ ಹುಡುಗರ ಬೆರಳಲ್ಲಿದೆ. ಆ ವಿಷಯ ಮುಂದೆ ಹೇಳುತ್ತೇನೆ. ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಫೋಟೋ ಬೇಕಾದರೆ ತೆಗೆಯಿರಿ, ಆದರೆ ಹೋಗುವಾಗ ಒಂದು ಒಳ್ಳೆಯ ಪ್ರಶ್ನೆ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಹೇಗೆ ಎಂದು ಒಂದೊಂದಾಗಿ ಬರೆಯುತ್ತೇನೆ. ಕಾಸರಗೋಡು, ಮಂಜೇಶ್ವರ ಕಡೆಯವರನ್ನು ಮನಸ್ಸಲ್ಲಿ ಇಟ್ಟುಕೊಂಡು ಬರೆದದ್ದು. ಬೇರೆಯವರಿಗೂ ಉಪಯೋಗ ಆದೀತು.

ಮೊದಲು, ಯಾವ ಕಡೆಗೆ ಹೊರಡಬೇಕು

ನಮ್ಮದು ವಿಚಿತ್ರ ಜಾಗ. ನಮ್ಮ ರಾಜ್ಯದ ಅಂತರರಾಷ್ಟ್ರೀಯ ಮೈದಾನ ಇರುವುದು ತಿರುವನಂತಪುರದ ಕಾರ್ಯವಟ್ಟಂನಲ್ಲಿ, ಗ್ರೀನ್‌ಫೀಲ್ಡ್ ಸ್ಟೇಡಿಯಂ. ಕಾಸರಗೋಡಿನಿಂದ ವಂದೇ ಭಾರತ್‌ನಲ್ಲಿ ಹೋದರೂ ಸುಮಾರು 8 ಗಂಟೆ. ಬೆಂಗಳೂರಿನ ಚಿನ್ನಸ್ವಾಮಿ ನಮಗೆ ಅದಕ್ಕಿಂತ ಹತ್ತಿರ, ಮಂಗಳೂರಿಗೆ ಹೋಗಿ ಘಾಟಿ ಹತ್ತಿದರೆ ಆಯಿತು. ಹಾಗಾಗಿ ವಿದೇಶಿ ತಂಡದ ವೇಳಾಪಟ್ಟಿ ಬಂದ ಕೂಡಲೇ ಎರಡೂ ಊರು ನೋಡಿ. ಯಾವುದರಲ್ಲಿ ಪಂದ್ಯ ಇದೆ, ವಾರದ ಯಾವ ದಿನ, ಎಷ್ಟು ಗಂಟೆಗೆ.

ತಿರುವನಂತಪುರಕ್ಕಾದರೆ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ ಒಳ್ಳೆಯದು. ಸಂಜೆ ಹತ್ತಿದರೆ ಬೆಳಿಗ್ಗೆ ಇಳಿಯಬಹುದು, ಒಂದು ರಾತ್ರಿಯ ರೂಮಿನ ಖರ್ಚೂ ಉಳಿಯುತ್ತದೆ. ಆದರೆ ಪಂದ್ಯ ಘೋಷಣೆ ಆದ ಮೇಲೆ ಸ್ಲೀಪರ್ ಬೇಗ ತುಂಬುತ್ತದೆ. ಮೊದಲು ರೈಲಿನ ಟಿಕೆಟ್ ಮಾಡಿ, ಆಮೇಲೆ ಪಂದ್ಯದ ಟಿಕೆಟ್. ಪಂದ್ಯಕ್ಕೆ ಹೋಗಲು ಆಗದಿದ್ದರೆ ರೈಲಿನ ಟಿಕೆಟ್ ರದ್ದು ಮಾಡಿದರೆ ಸ್ವಲ್ಪವಾದರೂ ಹಣ ಬರುತ್ತದೆ ಅಲ್ವಾ.

ಇನ್ನೊಂದು ದಾರಿ ನಮ್ಮವರಿಗೆ ಮಾತ್ರ ಇರುವಂಥದ್ದು. ದುಬೈನಲ್ಲೋ ಶಾರ್ಜಾದಲ್ಲೋ ಅಣ್ಣ, ಭಾವ, ಚಿಕ್ಕಪ್ಪ ಯಾರಾದರೂ ಒಬ್ಬರು ಇಲ್ಲದ ಮನೆ ನಮ್ಮ ಕಡೆ ಕಡಿಮೆ. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತ ಎಲ್ಲ ಪಂದ್ಯ ಆಡಿದ್ದು ದುಬೈನಲ್ಲಿ, ಮಾರ್ಚ್ 9ರ ಫೈನಲ್ ಕೂಡ ಅಲ್ಲೇ. ಅಲ್ಲಿರುವ ನಿಮ್ಮವರಿಗೆ ಈ ಬರಹ ಕಳಿಸಿ. ಒಂದು ಎಚ್ಚರಿಕೆ, ಅಲ್ಲಿ ಮೈದಾನಕ್ಕೆ ನುಗ್ಗಿದರೆ ದೊಡ್ಡ ದಂಡ ಇದೆ, ಜೈಲೂ ಇದೆ. ವೀಸಾದ ಮೇಲೆ ಬದುಕುವವರು ಇದನ್ನು ಮರೆಯಬಾರದು.

ಎಲ್ಲಿ ನಿಂತರೆ ಮಾತಿಗೆ ಸಿಗುತ್ತಾರೆ

ವಿಮಾನ ನಿಲ್ದಾಣದಲ್ಲಿ ನೋಡಬಹುದು, ಮಾತಾಡಲು ಆಗುವುದಿಲ್ಲ. ಬಾಗಿಲಿನಿಂದ ಬಸ್ಸಿನವರೆಗೆ ಬ್ಯಾರಿಕೇಡ್, ಪೊಲೀಸರು, ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡ ಆಟಗಾರರು. ಅವರು ಹಲವು ಗಂಟೆ ಪ್ರಯಾಣ ಮಾಡಿ ಬಂದಿರುತ್ತಾರೆ. ಅಲ್ಲಿ ಕೈ ಬೀಸಿ, ಒಂದು ನಮಸ್ಕಾರ ಹೇಳಿ, ಸಾಕು.

ಹೋಟೆಲ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದು ಅವರು ಮಲಗುವ ಜಾಗ, ಊಟ ಮಾಡುವ ಜಾಗ. ನಮ್ಮ ಮನೆ ಜಗಲಿಯಲ್ಲಿ ಬೆಳಿಗ್ಗೆ 7 ಗಂಟೆಗೆ ಹತ್ತು ಜನ ಅಪರಿಚಿತರು ಫೋನ್ ಹಿಡಿದು ನಿಂತರೆ ನಮಗೆ ಹೇಗಾಗುತ್ತದೆ? ದೇವಸ್ಥಾನವೂ ಹಾಗೇ. ದಕ್ಷಿಣ ಆಫ್ರಿಕಾದ ಕೇಶವ್ ಮಹಾರಾಜ್ 2022ರಲ್ಲಿ ತಿರುವನಂತಪುರಕ್ಕೆ ಬಂದಾಗ ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಹೋಗಿದ್ದರು, ಪಂಚೆ ಉಟ್ಟ ಅವರ ಫೋಟೋ ನೀವೂ ನೋಡಿರಬಹುದು. ಅಂಥ ಹೊತ್ತಲ್ಲಿ ಎದುರು ಸಿಕ್ಕರೆ ಕೈ ಮುಗಿದು ಮುಂದೆ ಹೋಗಿ, ಪ್ರಶ್ನೆ ಬೇಡ.

ಒಳ್ಳೆಯ ಜಾಗ ಎಂದರೆ ಸ್ಟೇಡಿಯಂನ ಒಳಗೇ, ಪಂದ್ಯಕ್ಕೆ ಮುಂಚೆ. ಟಾಸ್ ಆಗುವುದು ಪಂದ್ಯ ಶುರುವಾಗುವ ಅರ್ಧ ಗಂಟೆ ಮೊದಲು. ಅದಕ್ಕೂ ಮುಂಚೆ ತಂಡಗಳು ವಾರ್ಮ್ ಅಪ್‌ಗೆ ಬಂದಿರುತ್ತವೆ. ಓಡುತ್ತಾರೆ, ಕ್ಯಾಚ್ ಹಿಡಿಯುತ್ತಾರೆ, ಬೌಲರ್‌ಗಳು ಪಕ್ಕದ ಪಿಚ್‌ನಲ್ಲಿ ಸ್ಟಂಪ್ ನೆಟ್ಟು ಎಸೆಯುತ್ತಾರೆ. ನಡುವೆ ನೀರು ಕುಡಿಯಲು ಹಗ್ಗದ ಹತ್ತಿರ ಬರುತ್ತಾರೆ. ಆ ಹೊತ್ತಿನಲ್ಲಿ ಸ್ಟ್ಯಾಂಡ್ ಖಾಲಿ ಇರುತ್ತದೆ, ನೀವು ಮೆಲ್ಲಗೆ ಮಾತಾಡಿದರೂ ಕೇಳುತ್ತದೆ. ನಮ್ಮ ಜನ ಟಾಸ್ ಆದ ಮೇಲೆ ಬರುತ್ತಾರೆ, ಬಂದವರು ಸೀದಾ ಐಸ್‌ಕ್ರೀಮ್ ಅಂಗಡಿಗೆ ಹೋಗುತ್ತಾರೆ. ನೀವು ಗೇಟ್ ತೆರೆಯುವ ಹೊತ್ತಿಗೆ ಅಲ್ಲಿರಿ. ಕೆಳಗಿನ ಸಾಲಿನ ಟಿಕೆಟ್ ಸ್ವಲ್ಪ ದುಬಾರಿ ಆದರೂ ತೆಗೆದುಕೊಳ್ಳಿ. ಆಟಗಾರರು ಕೂರುವ ಡಗ್‌ಔಟ್‌ನಿಂದ ಎಡಕ್ಕೋ ಬಲಕ್ಕೋ ಇರುವ ಬ್ಲಾಕ್ ಆದರೆ ಇನ್ನೂ ಒಳ್ಳೆಯದು.

ಅಭ್ಯಾಸದ ದಿನ ಸಾರ್ವಜನಿಕರಿಗೆ ಬಿಡುತ್ತಾರಾ ಇಲ್ವಾ ಎಂದು ಮೊದಲೇ ವಿಚಾರಿಸಿ. ಹೆಚ್ಚಾಗಿ ಬಿಡುವುದಿಲ್ಲ, ಅದಕ್ಕೆ ಕಾರಣ ನಾವೇ. 2024ರ ಕೊನೆಗೆ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಭಾರತ ತಂಡದ ಅಭ್ಯಾಸವನ್ನು ಜನರಿಗೆ ತೆರೆದಿದ್ದರು. ಜನ ನೆಟ್ಸ್‌ಗೆ ತೀರಾ ಹತ್ತಿರ ಮುತ್ತಿಕೊಂಡು ಕೂಗಾಡಿದರು, ಆಟಗಾರರ ಬಗ್ಗೆ ಕೆಟ್ಟದಾಗಿ ಮಾತಾಡಿದರು. ಮುಂದಿನ ಅಭ್ಯಾಸಗಳಿಗೆ ಬಾಗಿಲು ಮುಚ್ಚಿತು. ಹತ್ತು ಜನ ಮಾಡಿದ್ದಕ್ಕೆ ಸುಮ್ನೆ ನೋಡಲು ಬಂದಿದ್ದ ಮಕ್ಕಳೂ ಕಳೆದುಕೊಂಡರು.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರೂ ನಮ್ಮ ಹಾಗೆ ತಮ್ಮ ಆಟಗಾರರನ್ನು ಹತ್ತಿರದಿಂದ ನೋಡಲು ಹೋದವರು. ಆ ದಿನ ಟಿವಿಯಲ್ಲಿ ರಸ್ತೆ ಮೇಲೆ ಬಿದ್ದಿದ್ದ ಚಪ್ಪಲಿಗಳನ್ನು ನೋಡಿದ್ದು ನನಗೆ ಇನ್ನೂ ಕಣ್ಣಿಂದ ಹೋಗಿಲ್ಲ. ಹಾಗಾಗಿ ಗೇಟಿನ ಹತ್ತಿರ ಮೈಗೆ ಮೈ ತಾಗುವಷ್ಟು ಜನ ಸೇರಿದರೆ, ಕೈ ಎತ್ತಲು ಜಾಗ ಇಲ್ಲ ಅನಿಸಿದರೆ, ಯಾವ ಆಟಗಾರ ಬರುತ್ತಿದ್ದರೂ ಸರಿ, ಅಲ್ಲಿಂದ ಹೊರಗೆ ಬನ್ನಿ. ಮುಂದಕ್ಕೆ ನುಗ್ಗಬೇಡಿ, ಓರೆಯಾಗಿ ಬದಿಗೆ ಸರಿಯಿರಿ. ಮಕ್ಕಳಿದ್ದರೆ ಮೊದಲೇ ಹೊರಗಿರಿ.

ಪ್ರಶ್ನೆ ಹೇಗೆ ಕಟ್ಟುವುದು

ಇದೇ ಮುಖ್ಯ. ಇದಕ್ಕೆ ಒಂದು ವಾರ ಬೇಕು.

ಮೊದಲನೆಯದಾಗಿ, ಒಬ್ಬ ಆಟಗಾರನನ್ನು ಆರಿಸಿಕೊಳ್ಳಿ. ದೊಡ್ಡ ಹೆಸರೇ ಆಗಬೇಕೆಂದಿಲ್ಲ. ನಿಜ ಹೇಳಬೇಕೆಂದರೆ ದೊಡ್ಡ ಹೆಸರು ಬೇಡ. ಎಲ್ಲರೂ ನಾಯಕನ ಹಿಂದೆ ಓಡುವಾಗ 12ನೇ ಆಟಗಾರ ನೀರಿನ ಬಾಟಲಿ ಹಿಡಿದುಕೊಂಡು ಹಗ್ಗದ ಹತ್ತಿರ ಒಬ್ಬನೇ ನಿಂತಿರುತ್ತಾನೆ. ಅವನ ಹೆಸರು ಹಿಡಿದು ಕರೆದು ಅವನ ಆಟದ ಬಗ್ಗೆ ಕೇಳಿದರೆ ಮುಖ ಅರಳುತ್ತದೆ. ಮಹಿಳಾ ಪಂದ್ಯಗಳಲ್ಲಿ ಗದ್ದಲ ಕಡಿಮೆ ಇರುತ್ತದೆ, ಮಾತಿಗೆ ನಿಲ್ಲುವವರೂ ಜಾಸ್ತಿ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರು ಅಲ್ಲಿಂದ ಶುರು ಮಾಡಿ.

ಆಮೇಲೆ ಆ ಆಟಗಾರನ ಇತ್ತೀಚಿನ ಎರಡು ಮೂರು ಆಟ ಪೂರ್ತಿ ನೋಡಿ. ಹೈಲೈಟ್ಸ್ ಸಾಲದು, ಅದರಲ್ಲಿ ಸಿಕ್ಸರ್ ಮಾತ್ರ ಇರುತ್ತದೆ. ಯಾವ ಬಾಲನ್ನು ಬಿಟ್ಟರು, ಯಾವ ಓವರಿನಲ್ಲಿ ಗಾರ್ಡ್ (ಸ್ಟಂಪ್ ಮುಂದೆ ನಿಲ್ಲುವ ಜಾಗ) ಬದಲಿಸಿದರು, ಇಂಥದ್ದು ಒಂದು ಕಣ್ಣಿಗೆ ಬೀಳುತ್ತದೆ. ಅಲ್ಲೇ ನಿಮ್ಮ ಪ್ರಶ್ನೆ ಇದೆ.

ಉದಾಹರಣೆಗೆ ಶ್ರೀಲಂಕಾದ ಕಮಿಂದು ಮೆಂಡಿಸ್. ಅವರು ಎರಡೂ ಕೈಯಲ್ಲಿ ಸ್ಪಿನ್ ಹಾಕುತ್ತಾರೆ. ಅವರನ್ನು ‘ಇಂಡಿಯಾ ಇಷ್ಟನಾ?’ ಎಂದು ಕೇಳಿದರೆ ‘ಹೌದು’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ‘ಯಾವ ಕೈ ಎಂದು ಯಾವಾಗ ತೀರ್ಮಾನ ಮಾಡುತ್ತೀರಿ? ಬ್ಯಾಟರ್ ಮುಖ ನೋಡಿಯಾ, ಫೀಲ್ಡ್ ನೋಡಿಯಾ?’ ಎಂದು ಕೇಳಿ ನೋಡಿ. ಕೈ ಬದಲಿಸುವಾಗ ಅಂಪೈರ್‌ಗೆ ಹೇಳಬೇಕು, ಹಾಗಾಗಿ ಬ್ಯಾಟರ್‌ಗೂ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಅವರಿಗೆ ಏನು ಲಾಭ? ಇದಕ್ಕೆ ಉತ್ತರ ಕೇಳಬೇಕೆಂದು ನನಗೇ ಆಸೆ. ಅವರ ತಂಡದಲ್ಲಿ ಕುಸಲ್ ಮೆಂಡಿಸ್ ಎಂಬ ಕೀಪರೂ ಇದ್ದಾರೆ. ಒಬ್ಬರ ಪ್ರಶ್ನೆ ಇನ್ನೊಬ್ಬರಿಗೆ ಹಾಕಬೇಡಿ, ಮುಖ ಗುರುತು ಹಿಡಿದುಕೊಳ್ಳಿ.

ಇನ್ನು ನ್ಯೂಜಿಲೆಂಡ್‌ನ ರಚಿನ್ ರವೀಂದ್ರ. ಅಪ್ಪ ಅಮ್ಮ ಬೆಂಗಳೂರಿನ ಮೂಲದವರು, ನಮ್ಮವರಿಗೆಲ್ಲ ಅವರ ಮೇಲೆ ಒಂದು ಪ್ರೀತಿ. ಆದರೆ ಎಲ್ಲರೂ ಕೇಳುವುದು ಒಂದೇ: ರಾಹುಲ್ ಮತ್ತು ಸಚಿನ್ ಹೆಸರು ಸೇರಿಸಿ ನಿಮ್ಮ ಹೆಸರು ಇಟ್ಟದ್ದಾ? ಅದನ್ನು ಲೆಕ್ಕ ಹಾಕಿ ಇಟ್ಟದ್ದಲ್ಲ ಎಂದು ಅವರ ತಂದೆಯೇ 2023ರಲ್ಲಿ ಹೇಳಿದ್ದಾರೆ. ಹಳಸಿದ ಪ್ರಶ್ನೆ, ಬಿಡಿ. ಅದರ ಬದಲು 2024ರ ಅಕ್ಟೋಬರ್‌ಗೆ ಹೋಗಿ. ಚಿನ್ನಸ್ವಾಮಿಯಲ್ಲಿ ಭಾರತ 46ಕ್ಕೆ ಆಲೌಟ್ ಆದ ಟೆಸ್ಟ್. ಅದರಲ್ಲಿ ರಚಿನ್ 134 ಹೊಡೆದರು, ಬೌಲರ್ ಟಿಮ್ ಸೌಥಿ ಜೊತೆ 8ನೇ ವಿಕೆಟ್‌ಗೆ 137 ರನ್ ಸೇರಿಸಿದರು. ‘ಬಾಲಂಗೋಚಿ ಜೊತೆ ಆಡುವಾಗ ಸ್ಟ್ರೈಕ್ ನೀವೇ ಇಟ್ಟುಕೊಳ್ಳಬೇಕೆಂದು ಅನಿಸಲಿಲ್ವಾ, ಸೌಥಿಯನ್ನು ಆಡಲು ಬಿಟ್ಟದ್ದು ಯಾಕೆ?’ ಎಂದು ಕೇಳಿ. ಆ ಪಂದ್ಯವನ್ನು ಕುಳಿತು ನೋಡಿದವರಿಗೆ ಮಾತ್ರ ಬರುವ ಪ್ರಶ್ನೆ ಇದು, ಅದು ಅವರಿಗೂ ಕೂಡಲೇ ತಿಳಿಯುತ್ತದೆ.

ದಕ್ಷಿಣ ಆಫ್ರಿಕಾದ ಲಾರಾ ವೋಲ್ವಾರ್ಟ್ ಸಿಕ್ಕರೆ? 2025ರ ವಿಶ್ವಕಪ್ ಫೈನಲ್‌ನಲ್ಲಿ ನಮ್ಮೆದುರು 101 ಹೊಡೆದೂ ಸೋತವರು. ಸೋತದ್ದನ್ನು ಮತ್ತೆ ಕೆದಕುವುದು ಬೇಡ. ಅದೇ ಟೂರ್ನಿಯ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅವರದ್ದು 169. ಅದರ ಬಗ್ಗೆ ಕೇಳಿ, ಖುಷಿಯಿಂದ ಹೇಳಿಯಾರು.

ಪ್ರಶ್ನೆ ಹೊಳೆದ ಮೇಲೆ ಮೊದಲು ಕನ್ನಡದಲ್ಲಿ ಬರೆಯಿರಿ. ಯೋಚನೆ ಸ್ಪಷ್ಟ ಆಗುತ್ತದೆ. ಆಮೇಲೆ ಇಂಗ್ಲಿಷ್‌ಗೆ ತನ್ನಿ. ಎರಡು ಸಾಲಿಗಿಂತ ಜಾಸ್ತಿ ಆದರೆ ಕತ್ತರಿಸಿ. ಕಮಿಂದುಗೆ ಕೇಳಬೇಕಾದದ್ದು ಬರೇ ‘ವೆನ್ ಡು ಯು ಡಿಸೈಡ್ ವಿಚ್ ಹ್ಯಾಂಡ್?’ ಎಂಬ ಆರು ಪದ. ಗಡಿಯಾರ ನೋಡಿಕೊಂಡು ಜೋರಾಗಿ ಹೇಳಿ ಅಭ್ಯಾಸ ಮಾಡಿ, ಐದಾರು ಸೆಕೆಂಡಿನಲ್ಲಿ ಮುಗಿಯಬೇಕು. ಉತ್ತರಕ್ಕೆ ಅವರಿಗೆ 15 ಸೆಕೆಂಡು ಬೇಕಲ್ಲ.

ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯಬೇಡಿ. ನಮ್ಮದು ಸಪ್ತಭಾಷೆಯ ನಾಡು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಮಾತಾಡಿ ಬೆಳೆದವರು ನಾವು. ಗೊತ್ತಿಲ್ಲದ ಭಾಷೆಯಲ್ಲಿ ಕೈ ಸನ್ನೆ ಸೇರಿಸಿ ಕೆಲಸ ಮಾಡಿಸಿಕೊಳ್ಳುವುದು ನಮಗೆ ಹೊಸದಲ್ಲ. 2023ರಲ್ಲಿ ವಿಶ್ವಕಪ್ ಅಭ್ಯಾಸ ಪಂದ್ಯಕ್ಕೆ ಬಂದ ದಕ್ಷಿಣ ಆಫ್ರಿಕಾ ತಂಡದವರು ‘ತಿರುವನಂತಪುರ’ ಎಂದು ಹೇಳಲು ಪಟ್ಟ ಪಾಡಿನ ವಿಡಿಯೋ ನೋಡಿದ್ದೀರಲ್ಲ. ಕೇಶವ್ ಮಹಾರಾಜ್, ರಬಾಡ ಸರಿಯಾಗಿ ಹೇಳಿದರು, ಕ್ಲಾಸೆನ್‌ಗೆ ಆಗಲಿಲ್ಲ. ಆದರೂ ಪ್ರಯತ್ನ ಮಾಡಿದರು ಎಂದು ಎಲ್ಲರಿಗೂ ಇಷ್ಟವಾಯಿತು. ನಮ್ಮ ಇಂಗ್ಲಿಷ್ ಕೇಳುವಾಗ ಅವರಿಗೂ ಹಾಗೇ ಅನಿಸುತ್ತದೆ. ಕರೆಯುವಾಗ ಹೆಸರು ಹಿಡಿದು ಕರೆದರೆ ಅವರಲ್ಲಿ ತಪ್ಪಲ್ಲ. ನಮಗೆ ನಾಲಿಗೆ ಏಳದಿದ್ದರೆ ಹೆಸರಿನ ಜೊತೆ ‘ಸರ್’, ‘ಮ್ಯಾಮ್’ ಸೇರಿಸಿದರಾಯಿತು.

ಏನು ಕೇಳಬಾರದು, ಯಾಕೆ

‘ನಾಳೆ ನೀವು ಆಡ್ತೀರಾ?’ ‘ಪಿಚ್ ಹೇಗಿದೆ?’ ‘ಮೊಣಕಾಲು ನೋವು ಸರಿ ಆಯ್ತಾ?’ ನಾವು ಸುಮ್ನೆ ಪ್ರೀತಿಯಿಂದ ಕೇಳುವ ಪ್ರಶ್ನೆಗಳು. ಅವರಿಗೆ ಇವು ಅಪಾಯದ ಪ್ರಶ್ನೆಗಳು. ತಂಡದ ಒಳಗಿನ ಸುದ್ದಿ ಬೆಟ್ಟಿಂಗ್‌ಗೆ ಬಳಕೆಯಾಗಬಹುದು ಎಂದು ತಿಳಿದೂ ಹೊರಗೆ ಹೇಳಿದರೆ ಅದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿಯ ಭ್ರಷ್ಟಾಚಾರ ತಡೆ ನಿಯಮದ ಪ್ರಕಾರ ಅಪರಾಧ. ಯಾರಾದರೂ ಫಿಕ್ಸಿಂಗ್‌ಗೆಂದು ಹತ್ತಿರ ಬಂದರೆ ತಿಳಿಸಲೇಬೇಕು, ತಿಳಿಸದಿದ್ದರೂ ಶಿಕ್ಷೆ. ಬಾಂಗ್ಲಾದೇಶದ ಶಕೀಬ್ ಅಲ್ ಹಸನ್‌ಗೆ 2019ರಲ್ಲಿ ಎರಡು ವರ್ಷದ ನಿಷೇಧ ಬಿದ್ದದ್ದು ಇದಕ್ಕೇ, ಅದರಲ್ಲಿ ಒಂದು ವರ್ಷದ್ದನ್ನು ಷರತ್ತಿನ ಮೇಲೆ ತಡೆಹಿಡಿದಿದ್ದರು. ಜಿಂಬಾಬ್ವೆಯ ಬ್ರೆಂಡನ್ ಟೇಲರ್ 2019ರಲ್ಲಿ ಪ್ರಾಯೋಜಕತ್ವದ ಮಾತುಕತೆ ಎಂದು ಭಾರತಕ್ಕೆ ಬಂದು, 15 ಸಾವಿರ ಡಾಲರ್ ಕೈಗೆ ತೆಗೆದುಕೊಂಡು, ಬಲೆಗೆ ಬಿದ್ದು, ಕೂಡಲೇ ತಿಳಿಸದೆ ಇದ್ದದ್ದಕ್ಕೆ 2022ರಲ್ಲಿ ಮೂರೂವರೆ ವರ್ಷದ ನಿಷೇಧ ಅನುಭವಿಸಿದರು. ಇದೆಲ್ಲ ನೋಡಿದ ಮೇಲೆ, ಅಪರಿಚಿತರು ‘ನಮ್ಮನೆಗೆ ಊಟಕ್ಕೆ ಬನ್ನಿ’ ಎಂದರೆ ಅವರು ಯಾಕೆ ಬೆನ್ನು ತಿರುಗಿಸುತ್ತಾರೆ ಎಂದು ಅರ್ಥ ಆಗುತ್ತದೆ. ಅದು ಸೊಕ್ಕಲ್ಲ.

ಉಡುಗೊರೆ ಕೊಡುವವರೂ ಇದನ್ನು ನೆನಪಿಡಿ. 750 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯದ್ದಾದರೆ ಅವರು ಲೆಕ್ಕ ಕೊಡಬೇಕು. ತಿನ್ನುವ ವಸ್ತು ಬೇಡವೇ ಬೇಡ. ನಮ್ಮ ಹಲಸಿನ ಹಪ್ಪಳ ಎಷ್ಟೇ ಒಳ್ಳೆಯದಿರಲಿ, ಉದ್ದೀಪನ ಪರೀಕ್ಷೆಯಲ್ಲಿ ದೇಹದಲ್ಲಿ ಏನು ಸಿಕ್ಕಿದರೂ ಹೊಣೆ ಆಟಗಾರನದ್ದೇ, ಹಾಗಾಗಿ ಗೊತ್ತಿಲ್ಲದವರು ಕೊಟ್ಟದ್ದನ್ನು ಬಾಯಿಗೆ ಹಾಕುವ ಹಾಗಿಲ್ಲ. ಬೇಕಲ ಕೋಟೆಯ ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್ ತೆಗೆದುಕೊಂಡು ಹಿಂದೆ ನಾಲ್ಕು ಸಾಲು ಬರೆದು ಕೊಡಿ. ಹಗುರ, ಕಿಸೆಯಲ್ಲಿ ಹಿಡಿಯುತ್ತದೆ, ಯಾವ ತೊಂದರೆಯೂ ಇಲ್ಲ.

ಹಳೆಯ ಗಾಯ ಕೆದಕುವ ಪ್ರಶ್ನೆಯೂ ಬೇಡ. ಸ್ಟೀವ್ ಸ್ಮಿತ್ 2018ರ ಬಾಲ್ ವಿರೂಪದ ಪ್ರಕರಣಕ್ಕೆ ಒಂದು ವರ್ಷದ ಶಿಕ್ಷೆ ಅನುಭವಿಸಿ ಬಂದವರು. 2019ರ ವಿಶ್ವಕಪ್‌ನಲ್ಲಿ ಓವಲ್‌ನಲ್ಲಿ ನಮ್ಮ ಜನ ಅವರನ್ನು ಹೀಯಾಳಿಸಿದಾಗ ವಿರಾಟ್ ಕೊಹ್ಲಿ ತಿರುಗಿ ನಿಂತು, ಚಪ್ಪಾಳೆ ಹೊಡೆಯಿರಿ ಎಂದು ಸನ್ನೆ ಮಾಡಿದರು. ಬೌಂಡರಿ ಹತ್ತಿರ ನಿಂತ ಫೀಲ್ಡರ್‌ಗೆ ಬಣ್ಣ, ಜಾತಿ, ದೇಶ ಹಿಡಿದು ಕೂಗುವವರು ಇದ್ದಾರೆ. ಪಕ್ಕದಲ್ಲಿ ಅಂಥವರಿದ್ದರೆ ಸುಮ್ಮನಿರಬೇಡಿ. 2007ರಲ್ಲಿ ಆಂಡ್ರ್ಯೂ ಸೈಮಂಡ್ಸ್‌ಗೆ ವಡೋದರಾದಲ್ಲಿ, ಮುಂಬೈಯಲ್ಲಿ ನಮ್ಮವರು ಮಂಗನ ಹಾಗೆ ಕೂಗಿದರು. 2021ರಲ್ಲಿ ಸಿಡ್ನಿಯಲ್ಲಿ ಸಿರಾಜ್‌ಗೆ ಅಲ್ಲಿಯವರು ಕೂಗಿದಾಗ ಆಟ ನಿಂತಿತು, ಆರು ಜನರನ್ನು ಹೊರಗೆ ಹಾಕಿದರು. ಸಿರಾಜ್‌ಗಾಗಿ ನಮಗೆ ಸಂಕಟ ಆಯಿತಲ್ಲ, ಅದೇ ಸಂಕಟ ಸೈಮಂಡ್ಸ್ ಮನೆಯವರಿಗೂ ಆಗಿರುತ್ತದೆ.

ಆ ಕ್ಷಣ ಬಂದಾಗ

ಈಗ ಅಕ್ಕನ ಮಗನ ವಿಷಯ. 2023ರ ಜನವರಿ 15, ಭಾನುವಾರ, ಗ್ರೀನ್‌ಫೀಲ್ಡ್‌ನಲ್ಲಿ ಶ್ರೀಲಂಕಾ ವಿರುದ್ಧ ಏಕದಿನ. ಭಾರತ 317 ರನ್‌ಗಳಿಂದ ಗೆದ್ದು ದಾಖಲೆ ಮಾಡಿದ ಪಂದ್ಯ, ಕೊಹ್ಲಿ 166 ಹೊಡೆದರು. ಆದರೆ ಆ ದಿನ ಸ್ಟ್ಯಾಂಡ್‌ಗಳು ಬಹಳಷ್ಟು ಖಾಲಿ. ನಾವು ಗೇಟ್ ತೆರೆದ ಕೂಡಲೇ ಒಳಗೆ ಹೋದೆವು. ಹುಡುಗನಿಗೆ ಆಗ 13 ವರ್ಷ. ಕೈಯಲ್ಲಿ ಟೆನಿಸ್ ಬಾಲ್, ಅದನ್ನು ಒಳಗೆ ಬಿಡುತ್ತಾರಾ ಎಂದು ನನಗೆ ಹೆದರಿಕೆ ಇತ್ತು. ಪೊಲೀಸರೊಬ್ಬರು ಒತ್ತಿ ನೋಡಿ, ನಗಾಡಿ, ವಾಪಸ್ ಕೊಟ್ಟರು.

ಲಂಕಾದ ಒಬ್ಬ ಬೌಲರ್ ಬೇಲಿಯಿಂದ ಎಂಟು ಹತ್ತು ಹೆಜ್ಜೆ ದೂರದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಸುತ್ತ ಇದ್ದವರು ಕೂಗುತ್ತಿದ್ದರು. ಇವನು ಕೂಗಲಿಲ್ಲ. ಬಾಲನ್ನು ಎತ್ತಿ ಹಿಡಿದ. ಅವರು ಈ ಕಡೆ ನೋಡಿದಾಗ ಕೇಳಿದ, ಚಿಕ್ಕವರಿದ್ದಾಗ ನೀವು ಟೆನಿಸ್ ಬಾಲ್‌ನಲ್ಲಿ ಹಾಕಿದ್ದೀರಾ, ಸ್ಲೋ ಬಾಲ್‌ಗೆ ಬೆರಳು ಎಲ್ಲಿ ಇಡುತ್ತಿದ್ದಿರಿ?

ಅವರು ನಿಂತರು. ಟವೆಲ್ ಹೆಗಲಿಗೆ ಹಾಕಿದರು. ತಮ್ಮ ಕೈಯಲ್ಲಿದ್ದ ಬಿಳಿ ಬಾಲನ್ನು ಎತ್ತಿ, ತೋರುಬೆರಳು ನಡುಬೆರಳು ಎರಡನ್ನೂ ಅಗಲಿಸಿ, ಬಾಲನ್ನು ಅಂಗೈ ಒಳಗೆ ತಳ್ಳಿ ತೋರಿಸಿದರು. ಇವನು ಬೇಲಿಯ ಈಚೆ ಹಾಗೇ ಹಿಡಿದ. ಅವರು ತಲೆ ಅಲ್ಲಾಡಿಸಿ, ಹೆಬ್ಬೆರಳು ಕೆಳಗೆ ಅಲ್ಲ, ಬದಿಗೆ ಎಂದು ಸನ್ನೆ ಮಾಡಿದರು. ಇವನು ಸರಿ ಮಾಡಿದ. ಅವರು ಮಣಿಕಟ್ಟನ್ನು ಮೆಲ್ಲಗೆ ಒಂದು ಸಲ ಮಡಚಿ ತೋರಿಸಿ, ನಕ್ಕು, ಓಡಿ ಹೋದರು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ‘ಮಾವ, ಪೆನ್ನು ಕೊಡಿ’ ಎಂದ. ಬೆರಳು ತೆಗೆಯದೆ, ಬೆರಳಿನ ಸುತ್ತ ಬಾಲಿನ ಮೇಲೆ ಗೆರೆ ಎಳೆದ.

ಇದರಿಂದ ನಾನು ಕಲಿತದ್ದನ್ನು ಹೇಳುತ್ತೇನೆ. ಫೋನ್ ಕೆಳಗೆ ಇಡಿ, ನಿಮ್ಮ ಮುಖ ಅವರಿಗೆ ಕಾಣಬೇಕು. ಕೂಗಬೇಡಿ, ಕಣ್ಣು ಸೇರುವವರೆಗೆ ಕಾಯಿರಿ. ಕೈಯಲ್ಲಿ ಏನಾದರೂ ಇರಲಿ, ಬಾಲ್ ಆಗಲಿ ಸ್ಕೋರ್ ಬರೆದ ಪುಸ್ತಕ ಆಗಲಿ, ದೂರದಿಂದಲೂ ವಿಷಯ ತಿಳಿಯುತ್ತದೆ. ಮಕ್ಕಳಿದ್ದರೆ ಮಕ್ಕಳೇ ಕೇಳಲಿ, ನೀವು ಹಿಂದೆ ನಿಲ್ಲಿ. ಉತ್ತರ ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಬಿಟ್ಟುಬಿಡಿ, ‘ಇನ್ನೊಂದು ಪ್ರಶ್ನೆ’ ಎಂದು ಎಳೆಯಬೇಡಿ. ಅವರು ನಿಲ್ಲದೆ ಹೋದರೆ ಬೇಸರ ಮಾಡಬೇಡಿ, ಕೋಚ್ ಕರೆದಿರಬಹುದು, ಹಿಂದಿನ ದಿನ ಸೊನ್ನೆಗೆ ಔಟಾಗಿರಬಹುದು.

ಸಹಿ ಬೇಕೆಂದರೆ ಮಾರ್ಕರ್‌ನ ಮುಚ್ಚಳ ತೆಗೆದು ಕೊಡಿ, ಬಿಳಿಯ ಮೇಲೆ ಕಪ್ಪು, ಗಾಢ ಬಣ್ಣದ ಮೇಲೆ ಬೆಳ್ಳಿ ಬಣ್ಣದ್ದು. ಟೊಪ್ಪಿಗೆ ಒಳಗಿನಿಂದ ಒಂದು ರಟ್ಟು ಇಟ್ಟರೆ ಬಟ್ಟೆ ಸುಕ್ಕಾಗುವುದಿಲ್ಲ. ಹೊಳಪಿನ ಫೋಟೋ ಮೇಲಿನ ಸಹಿ ಒಣಗುವವರೆಗೆ ಮುಟ್ಟಬೇಡಿ. ಟಿಕೆಟ್ ಮೇಲಿನ ನಿಷಿದ್ಧ ವಸ್ತುಗಳ ಪಟ್ಟಿಯನ್ನು ಮನೆಯಲ್ಲೇ ಓದಿ, ಪವರ್ ಬ್ಯಾಂಕ್, ನೀರಿನ ಬಾಟಲಿ, ಹೆಲ್ಮೆಟ್ ಹಿಡಿದು ಬಂದು ಗೇಟಿನಲ್ಲಿ ಒದ್ದಾಡುವವರನ್ನು ಪ್ರತಿ ಸಲ ನೋಡುತ್ತೇನೆ. ಗೇಟಿನವರ ಜೊತೆ ಅವರ ಭಾಷೆಯಲ್ಲಿ ಮಾತಾಡಿ. ಅಲ್ಲಿ ಮಲಯಾಳ, ಬೆಂಗಳೂರಿನಲ್ಲಿ ಕನ್ನಡ. ಎರಡೂ ಬರುವುದು ನಮ್ಮ ಪುಣ್ಯ.

ಗೇಟಿನ ಹೊರಗೂ ದಾರಿಗಳಿವೆ

ನೀವು ಲೆದರ್ ಬಾಲ್‌ನಲ್ಲಿ ಬೌಲಿಂಗ್ ಮಾಡುವವರಾದರೆ ನೆಟ್ ಬೌಲರ್ ಆಗುವುದು ಎಲ್ಲಕ್ಕಿಂತ ದೊಡ್ಡ ಅವಕಾಶ. ಬರುವ ತಂಡಗಳಿಗೆ ಅಭ್ಯಾಸಕ್ಕೆ ಸ್ಥಳೀಯ ಬೌಲರ್‌ಗಳು ಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರು ಹತ್ತಿರದ ಆಲೂರಿನಲ್ಲಿ ಆಸ್ಟ್ರೇಲಿಯಾದವರು ಭಾರತದ ಸ್ಪಿನ್ನರ್ ಅಶ್ವಿನ್ ಶೈಲಿಯಲ್ಲಿ ಹಾಕುವ ಬರೋಡಾದ ಮಹೇಶ್ ಪಿಥಿಯಾನನ್ನು ಕರೆಸಿಕೊಂಡರು. ಅದೇ ವರ್ಷ ನೆದರ್ಲೆಂಡ್ಸ್ ತಂಡ ನೆಟ್ ಬೌಲರ್ ಬೇಕೆಂದು ಕರೆ ಕೊಟ್ಟಾಗ ಸುಮಾರು 10 ಸಾವಿರ ಅರ್ಜಿ ಬಂದವು, ಆಯ್ಕೆ ಆದ ನಾಲ್ವರಲ್ಲಿ ಒಬ್ಬ ಚೆನ್ನೈನಲ್ಲಿ ಊಟ ಡೆಲಿವರಿ ಮಾಡುತ್ತಿದ್ದವನು. ಅಂಡರ್‌ಆರ್ಮ್ ಟೂರ್ನಮೆಂಟ್ ನಮ್ಮ ಪ್ರಾಣ, ಅದು ಇರಲಿ. ಜೊತೆಗೆ ಜಿಲ್ಲಾ ಲೀಗ್‌ನಲ್ಲೂ ಹೆಸರು ಬರೆಸಿ. ತಳಂಗರೆಯ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ವಾಂಖೆಡೆಯಲ್ಲಿ ಮುಂಬೈ ವಿರುದ್ಧ 54 ಬಾಲ್‌ಗೆ 137 ಹೊಡೆದದ್ದು, 2025ರ ರಣಜಿ ಸೆಮಿಫೈನಲ್‌ನಲ್ಲಿ ಔಟಾಗದೆ 177 ಮಾಡಿದ್ದು ನಮ್ಮ ಕಣ್ಣೆದುರೇ ಇದೆ.

ಪಂದ್ಯದ ಹಿಂದಿನ ದಿನ ಪತ್ರಿಕಾಗೋಷ್ಠಿ ಇರುತ್ತದೆ. ಪಾಸ್ ಇರುವ ವರದಿಗಾರರಿಗೆ ಮಾತ್ರ ಪ್ರವೇಶ. ನಿಮಗೆ ಪರಿಚಯದ ವರದಿಗಾರರಿದ್ದರೆ ನಿಮ್ಮ ಪ್ರಶ್ನೆಯನ್ನು ವರ್ಷ, ರನ್ ಸಮೇತ ಚೀಟಿಯಲ್ಲಿ ಬರೆದು ಕೊಡಿ. ಒಳ್ಳೆಯ ಪ್ರಶ್ನೆಯನ್ನು ಅವರು ಬಿಡುವುದಿಲ್ಲ.

ನಿವೃತ್ತರು ಇನ್ನೂ ಸುಲಭ, ಕೆಲವೊಮ್ಮೆ ಅವರೇ ನಮ್ಮೂರಿಗೆ ಬರುತ್ತಾರೆ. 2025ರ ಫೆಬ್ರವರಿಯಲ್ಲಿ ಸುನಿಲ್ ಗವಾಸ್ಕರ್ ಕಾಸರಗೋಡಿಗೆ ಬಂದು, ತಮ್ಮ ಹೆಸರಿಟ್ಟ ಸ್ಟೇಡಿಯಂ ರಸ್ತೆಯನ್ನು ಉದ್ಘಾಟಿಸಿದರು. ಅವರಿಗೆ 1971ರ ವೆಸ್ಟ್ ಇಂಡೀಸ್ ಸರಣಿಯ 774 ರನ್ ಬಗ್ಗೆ ಕೇಳುವವರು ಊರೂರಲ್ಲಿ ಇದ್ದಾರೆ. ನಾವು ಕೇಳಬೇಕಾದದ್ದು ಬೇರೆ ಇದೆ. 1982ರ ರಣಜಿ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ಅವರು ಎಡಗೈಯಲ್ಲಿ ಬ್ಯಾಟ್ ಹಿಡಿದರು. ಹಾಗೆ ಮಾಡಿಸಿದ ಬೌಲರ್ ರಘುರಾಮ್ ಭಟ್, ಹುಟ್ಟಿದ್ದು ನಮ್ಮ ಪಕ್ಕದ ಪುತ್ತೂರಿನಲ್ಲಿ. ‘ಎಡಗೈಯಲ್ಲಿ ಆಡಬೇಕೆಂದು ಪೆವಿಲಿಯನ್‌ನಲ್ಲೇ ತೀರ್ಮಾನ ಮಾಡಿದ್ದಾ, ಕ್ರೀಸ್‌ಗೆ ಹೋದ ಮೇಲಾ?’ ಎಂದು ಪುತ್ತೂರಿನ ನೆರೆಯವರಲ್ಲದೆ ಇನ್ಯಾರು ಕೇಳಬೇಕು? ಇಂಥ ಸಮಾರಂಭಗಳಲ್ಲಿ ವೇದಿಕೆಯತ್ತ ನುಗ್ಗುವ ಬದಲು ಎರಡು ದಿನ ಮೊದಲೇ ಸಂಘಟಕರಿಗೆ ಪ್ರಶ್ನೆ ತಲುಪಿಸಿ.

ಕೊನೆಯದಾಗಿ, ಉತ್ತರ ಸಿಕ್ಕಿದ ದಿನವೇ ಬರೆದಿಡಿ. ವಾಪಸ್ ಬರುವ ರೈಲಿನಲ್ಲಿ, ಶೋರನೂರು ದಾಟುವ ಮೊದಲು. ತಾರೀಕು, ಮೈದಾನ, ಯಾರು, ಏನು ಹೇಳಿದರು, ಅವರದ್ದೇ ಪದಗಳಲ್ಲಿ. ಅಕ್ಕನ ಮಗನ ಆ ಬಾಲ್ ಈಗ ನಮ್ಮ ಕ್ಲಬ್ಬಿನ ಕಿಟ್ ಬ್ಯಾಗಿನಲ್ಲಿದೆ. ಮೇಲಿನ ಹಳದಿ ನೂಲು ಸವೆದು ಪೆನ್ನಿನ ಗೆರೆ ಅಳಿದಾಗಲೆಲ್ಲ ಹುಡುಗರು ಅದೇ ಜಾಗದಲ್ಲಿ ಮತ್ತೆ ಎಳೆಯುತ್ತಾರೆ. ಹೆಬ್ಬೆರಳಿನ ಗುರುತು ಕೆಳಗೆ ಅಲ್ಲ, ಬದಿಗೆ.